ಕಿಟಕಿಯ ಕೆಳಗಿನ ದುಂಡುಮಲ್ಲಿಗೆ

ಶಿವರಾತ್ರಿ ಕಳೆಯಿತೆಂದರೆ ನ್ಯಾಮತಿಯ ನಮ್ಮ ಓಣಿಗೆ ಹೂವಿನ ಸೊಕ್ಕು ಬರುತ್ತದೆ. ಎದುರು ಮನೆಯ ಕಾಂಪೌಂಡಿನ ಮೇಲೆ ಕಾಗದದ ಹೂವು, ಪಕ್ಕದ ಮನೆಯ ದಾಸವಾಳ, ಹಾಲಿನ ಡೈರಿಯ ಗೋಡೆಗೆ ಒರಗಿದ ನಂದಿಬಟ್ಟಲು. ಎಲ್ಲಕ್ಕೂ ಮಿಗಿಲು ನಮ್ಮ ಮನೆಯ ದುಂಡುಮಲ್ಲಿಗೆ. ಅವ್ವ ತವರಿನಿಂದ ತಂದು ನೆಟ್ಟ ಗಿಡ, ನಡುಕೋಣೆಯ ಕಿಟಕಿಯ ಕೆಳಗೇ ಇದೆ. ನನಗೆ ಹೂವೆಂದರೆ ಪ್ರಾಣ. ಮಲ್ಲಿಗೆಯ ಕಾಲದಲ್ಲಿ ಬೋಳು ಜಡೆಯಲ್ಲಿ ಶಾಲೆಗೆ ಹೋದವಳೇ ಅಲ್ಲ; ವಿಜ್ಞಾನ ಕಲಿಸುವ ಟೀಚರಾದ ಮೇಲೂ ಅಷ್ಟೇ.

ಆ ವರ್ಷ ಮಾತ್ರ ಆ ಕಿಟಕಿಯ ಒಳಗೆ ನಾನು ಬಾಣಂತಿ. ಮಗಳು ದಿನ ತುಂಬುವ ಮೊದಲೇ ಹುಟ್ಟಿ ಶಿವಮೊಗ್ಗದ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗಿದ್ದಳು. ನನ್ನ ಹೊಟ್ಟೆಯ ಹೊಲಿಗೆ ಕೀವಾಗಿತ್ತು, ಅಲ್ಲಿಗೆ ಹೋಗುವಂತಿರಲಿಲ್ಲ. ನನ್ನಿಂದ ಅವಳಿಗೆ ಮುಟ್ಟುತ್ತಿದ್ದದ್ದು ಹಾಲೊಂದೇ. ಹಿಂಡಿ ಬಾಟಲಿಗೆ ತುಂಬಿಟ್ಟರೆ ನನ್ನ ಯಜಮಾನರು ಬೆಳಿಗ್ಗೆ ಐಸಿನ ಡಬ್ಬದಲ್ಲಿಟ್ಟು ಬೈಕಿನಲ್ಲಿ ಒಯ್ಯುತ್ತಿದ್ದರು. ಸಂಜೆ ಬಂದು, ಇಷ್ಟು ಕುಡಿದಳಂತೆ ಎಂದು ಬೆರಳ ತುದಿ ತೋರಿಸುತ್ತಿದ್ದರು.

ಹಾಲು ನಿಲ್ಲಬಾರದು. ಅವ್ವನಿಗೆ ಬೇರೆ ಜಪವೇ ಇರಲಿಲ್ಲ. ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಕಿವಿಗೆ ಸ್ಕಾರ್ಫು, ಹೊತ್ತು ಹೊತ್ತಿಗೆ ಕೆಂಡದ ಹೊಗೆ. ಮಲ್ಲಿಗೆಯಂತೂ ಹತ್ತಿರ ಸುಳಿಯುವಂತಿಲ್ಲ. ನಮ್ಮ ಕಡೆ ಎದೆಹಾಲು ಬತ್ತಿಸಬೇಕಾದರೆ ಮಲ್ಲಿಗೆಯನ್ನು ಎದೆಗೆ ಕಟ್ಟುತ್ತಾರೆ. ಹಾಗಾಗಿ ಬಾಣಂತಿ ಅದನ್ನು ಮುಡಿಯುವುದಿರಲಿ, ಮೂಸಲೂ ಕೂಡದು. ಮಾರ್ಚಿನ ಧಗೆಯಲ್ಲಿ ಕಿಟಕಿ ಜಡಿದ ಕೋಣೆ. ಬೆವರು, ಹೊಗೆ, ಹುಳಿತ ಹಾಲಿನ ವಾಸನೆ. ಉಸಿರು ಕಟ್ಟಿ ಸಾಯುತ್ತೇನೆ ಅನ್ನಿಸುತ್ತಿತ್ತು.

“ಅವ್ವಾ, ವಾಸನೆಗೆಲ್ಲಾ ಹಾಲು ಬತ್ತಾಕೆ ಅದೇನು ಮಾಟವಾ? ಒಂದೇ ಒಂದು ಹೂ ಕೊಡು, ದಿಂಬಿನ ಹತ್ರ ಇಟ್ಕಂತೀನಿ” ಎಂದೆ.

“ನಿನ್ನ ಇಸ್ಕೂಲಿನ ಪಾಠ ಇಸ್ಕೂಲಿನಾಗೆ ಇಟ್ಕ. ಅಲ್ಲಿ ಕೂಸು ತೊಟ್ಟು ತೊಟ್ಟು ಹಾಲಿಗೆ ಜೀವ ಹಿಡ್ಕಂಡೈತೆ, ಇವಳಿಗೆ ಹೂವಿನ ಚಿಂತೆ!”

ಮೈಯೆಲ್ಲಾ ಉರಿದುಹೋಯಿತು. ಕೂಸಿನ ಚಿಂತೆ ನನಗಿಲ್ಲವೇ? ಗೋಡೆಗೆ ಮುಖ ಮಾಡಿ ಮಲಗಿದೆ, ಗಂಜಿ ಕೊಟ್ಟರೂ ಮುಟ್ಟಲಿಲ್ಲ.

ಅವ್ವ ಆಚೆ ಹೋದ ಸಮಯ ನೋಡಿ ಕಿಟಕಿಯನ್ನು ಒಂದು ಬೆರಳಗಲ ತೆರೆಯುತ್ತಿದ್ದೆ. ಆ ಸಂದಿಯಲ್ಲಿ ಒಂದು ಚೂರು ಕಾಗದದ ಹೂವು, ಅರ್ಧ ದಾಸವಾಳ ಕಾಣುತ್ತಿದ್ದವು. ಆದರೆ ಮಲ್ಲಿಗೆ ಗಿಡದಲ್ಲಿ ಹೂವೇ ಇಲ್ಲ. ಈ ಸುಗ್ಗಿಯಲ್ಲಿ ಇದಕ್ಕೇನು ರೋಗ ಬಂತಪ್ಪಾ ಎಂದುಕೊಂಡೆ. ಒಂದು ಮಧ್ಯಾಹ್ನ ತಿಳಿಯಿತು. ಅವ್ವ ಸುಡುಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕೂತು, ಮೊಗ್ಗುಗಳನ್ನು ಹಸಿರಿರುವಾಗಲೇ ಚಿವುಟಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು.

“ಅಯ್ಯೋ ಅಕ್ಕಾ, ಎಳೇ ಮೊಗ್ಗು ಯಾಕ್ರೀ ಚಿವುಟ್ತೀರಿ?” ಎಂದಳು ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ.

“ಅರಳಿದ್ರೆ ಮಗಳ ಕಿಟಕಿಗೆ ವಾಸನೆ ಹೊಡೀತೈತ್ರೀ” ಎಂದಳು ಅವ್ವ.

ನಾನು ಸದ್ದಾಗದಂತೆ ಕಿಟಕಿ ಮುಚ್ಚಿದೆ.

ಯುಗಾದಿ ಹತ್ತಿರವಿತ್ತು. ಒಂದು ದಿನ ಯಜಮಾನರು ಸಂಜೆಯಾಗುವ ಮೊದಲೇ ಬಂದರು. ಡಬ್ಬದಲ್ಲಿ ಬಾಟಲಿ ಹೋದ ಹಾಗೇ ಇತ್ತು, ಕಂಠಮಟ್ಟ ಹಾಲು. “ಹೋಯ್ತು ಕಣೇ ನಮ್ಮ ಕೂಸು” ಎಂದವರು ಬಾಗಿಲಲ್ಲೇ ಕುಸಿದು ಕೂತರು. ಅವಳಿಗೆ ಇನ್ನೂ ಹೆಸರು ಕೂಡ ಇಟ್ಟಿರಲಿಲ್ಲ.

ನನ್ನ ಎದೆಗೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ. ಹಾಲು ಬರುತ್ತಲೇ ಇತ್ತು. ರವಿಕೆ ತೋಯುತ್ತಿತ್ತು, ಎದೆ ಕಲ್ಲಾಗಿ ಜ್ವರ ಏರಿತು. ಅವ್ವ ಹೇಳದೆ ಕೇಳದೆ ಎದ್ದು ಹೊರಟಳು. ನಮ್ಮ ಗಿಡದಲ್ಲಿ ಹೂವೆಲ್ಲಿಂದ ಬರಬೇಕು? ಓಣಿಯ ಮನೆಮನೆಯ ಬಾಗಿಲಲ್ಲಿ ನಿಂತು ಕೇಳಿ, ಸಾಲದೆ ಬಸ್‌ಸ್ಟ್ಯಾಂಡಿನ ಹೂವಿನವಳ ಬುಟ್ಟಿಯನ್ನೂ ಬರಿದು ಮಾಡಿ, ಮಡಿಲು ತುಂಬ ಮಲ್ಲಿಗೆ ತಂದಳು. ಹಳೇ ಸೀರೆಯ ಪಟ್ಟಿಯಲ್ಲಿ ಹರವಿ ನನ್ನ ಎದೆಗೆ ಬಿಗಿಯಾಗಿ ಕಟ್ಟಿದಳು. ಎಷ್ಟು ಹಂಬಲಿಸಿದ್ದೆ ಆ ಪರಿಮಳಕ್ಕೆ! ಈಗ ಮುಖ ಆಚೆ ತಿರುಗಿಸಿದೆ.

ಕಟ್ಟಿ ಮುಗಿಸಿದ ಅವ್ವ ಕಿಟಕಿಯ ಎರಡೂ ಬಾಗಿಲನ್ನು ದೂಡಿ ತೆರೆದಳು. ಇಡೀ ಓಣಿ ಒಮ್ಮೆಗೇ ಕಂಡಿತು. ಕಾಗದದ ಹೂವು, ದಾಸವಾಳ, ಆ ಕೊನೆಯ ನಂದಿಬಟ್ಟಲು, ಎಲ್ಲ.

“ಗಾಳಿ ತಗಾ ನನ್ನ ತಾಯಿ” ಎಂದಳು ಅವ್ವ. “ಇನ್ನು ಏನೂ ಆಗಲ್ಲ.”

ನಾನು ಎದೆ ಹಿಡಿದುಕೊಂಡು ಎದ್ದು ಹೋಗಿ ಕಿಟಕಿ ಹಾಕಿದೆ.