ದೊಡ್ಡತ್ತೆಯ ಅಂಚಿನ ಮಣೆ

ಸೌತೆಕಾಯಿಗೆ ಕಾಲುಂಟು ಎಂದು ನನಗೆ ಗೊತ್ತಾದದ್ದು ಎಡಗೈಗೆ ಪ್ಲಾಸ್ಟರ್ ಬಿದ್ದ ಮೇಲೆ. ಪೇಟೆಯಿಂದ ತಂದ ಪ್ಲಾಸ್ಟಿಕ್ ಮಣೆಯ ಮೇಲೆ ನಿನ್ನೆ ಒಂದೇ ಕೈಯಲ್ಲಿ ಹೆಚ್ಚಲು ಹೊರಟೆ. ಕತ್ತಿ ತಾಗಿದ್ದೇ ತಡ, ಅದು ಉರುಳಿ ಫ್ರಿಜ್ಜಿನ ಅಡಿಗೆ ಹೋಯಿತು. ಸೊಸೆ ಬಗ್ಗಿ ತೆಗೆದು, ಬಹಳ ಪ್ರೀತಿಯಿಂದಲೇ, "ಅತ್ತೇ, ಇನ್ನು ನೀವು ಆರಾಮ ಕೂತ್ಕೊಳ್ಳಿ" ಎಂದಳು. ಅಯ್ಯೋ, ಆ ಮಾತು! ಅದನ್ನು ಹಿಂದೊಮ್ಮೆ ಕೇಳಿದ್ದೆ. ಆಗ ಹೇಳಿಸಿಕೊಂಡವರು ದೊಡ್ಡತ್ತೆ.

ದೊಡ್ಡತ್ತೆ ಎಂದರೆ ನನ್ನ ಮಾವನ ಅಕ್ಕ, ಚಿಕ್ಕ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವರು. ನಮ್ಮ ಊರು ಉಪ್ಪಳ ಇನ್ನೂ ಮದರಾಸಿಗೆ ಸೇರಿದ್ದ ಕಾಲ. ನಾನು ಮದುವೆಯಾಗಿ ಬಂದಾಗ ಅಡುಗೆಮನೆ ಅವರದ್ದು. ತನ್ನದೆಂದು ಹೇಳಿಕೊಳ್ಳಲು ಅವರಿಗೆ ಇದ್ದದ್ದೂ ಅದೊಂದೇ. ಒಮ್ಮೆ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಅವರ ಎಡಗೈ ಸ್ವಾಧೀನ ತಪ್ಪಿತು. ಮೆಟ್ಟುಕತ್ತಿಯನ್ನು, ಅಂದರೆ ಈಳಿಗೆಮಣೆಯನ್ನು, ಕಾಲಲ್ಲಿ ಮೆಟ್ಟಿದರೂ ತರಕಾರಿ ಹಿಡಿಯಲು ಎರಡು ಕೈ ಬೇಕಲ್ಲ? "ಅಕ್ಕಾ, ಇನ್ನು ನೀನು ಆರಾಮ ಕೂತುಕೋ, ಸೊಸೆ ಮಾಡ್ತಾಳೆ" ಎಂದರು ಮಾವ. ಆ ಸೊಸೆ ನಾನು. ನನ್ನ ಸಾರನ್ನು ಮನೆಯ ನಾಯಿಯೂ ಯೋಚಿಸಿ ಕುಡಿಯುತ್ತಿತ್ತು. ದೊಡ್ಡತ್ತೆ ಜಗಲಿಯ ಮೂಲೆ ಹಿಡಿದರು. ಮಾತು ಕಮ್ಮಿಯಾಯಿತು, ಊಟವೂ ಕಮ್ಮಿಯಾಯಿತು. ಇವರು ಹೀಗೇ ಕೂತು ಮುಗಿದುಹೋಗುತ್ತಾರೋ ಎಂದು ನನಗೆ ಹೆದರಿಕೆ.

ಬೆಳಿಗ್ಗೆ ಹೂ ಕೊಯ್ಯುವ ಕೆಲಸವೊಂದು ಅವರಿಗೆ ಉಳಿದಿತ್ತು. ದಾಸವಾಳದ ಗೆಲ್ಲನ್ನು ಬಗ್ಗಿಸಿದರೆ ಕೊಯ್ಯಲು ಕೈಯಿಲ್ಲ. ಬಿಟ್ಟರೆ ಗೆಲ್ಲು ಸಟ್ಟನೆ ಮೇಲೆ. "ನಿನಗೆಂತ ಅಷ್ಟು ಅಹಂಕಾರ?" ಎಂದು ಗಿಡಕ್ಕೆ ಬೈಯುತ್ತಿದ್ದರು. ಬೈಗುಳವಾದರೂ ಉಳಿದಿದೆಯಲ್ಲ ಎಂದು ನನಗೆ ಸಮಾಧಾನ.

ಒಂದು ದಿನ ಅವರೇ ಎದ್ದು, "ಹೊರಡು" ಎಂದರು. ಹೋದದ್ದು ತೊಟ್ಟಿಲ ಕಾಲು, ಕಡೆಗೋಲು ಮಾಡಿಕೊಡುವ ಆಚಾರಿಯ ಕೊಟ್ಟಿಗೆಗೆ. ಅಲ್ಲೊಂದು ಮರ ಕಡೆಯುವ ಕಡಸಲು ಯಂತ್ರ: ಅಡ್ಡ ಮಲಗಿಸಿದ ದಿಂಡು, ಅದಕ್ಕೆ ಸುತ್ತಿದ ಹಗ್ಗ. ಹಗ್ಗದ ಎರಡು ತುದಿಯನ್ನು ಒಬ್ಬರು ಅತ್ತಿತ್ತ ಎಳೆದರೆ ದಿಂಡು ತಿರುಗುತ್ತದೆ. ಅದರ ಕೊನೆಗೆ ಸಿಕ್ಕಿಸಿದ ಮರಕ್ಕೆ ಆಚಾರಿ ಉಳಿ ಹಿಡಿಯುತ್ತಾರೆ. ದೊಡ್ಡತ್ತೆ ನೆಲದ ಮಣ್ಣಿನಲ್ಲಿ ಬೆರಳಿನಿಂದ ದುಂಡಗೆ ಬರೆದರು. "ಇಂಥ ಮಣೆ. ಸುತ್ತ ಅಂಚು ಎತ್ತರ ಇರಬೇಕು, ತರಕಾರಿ ಒರಗಿ ನಿಲ್ಲಲಿಕ್ಕೆ. ನಡುವೆ ಎರಡು ಹಿತ್ತಾಳೆ ಮೊಳೆ, ಚುಚ್ಚಿ ಹಿಡಿಯಲಿಕ್ಕೆ."

"ಮಾಡುವ ಅಕ್ಕ. ಆದ್ರೆ ಹಗ್ಗ ಎಳೆಯುವವಳಿಗೆ ಜ್ವರ ಉಂಟಲ್ಲ" ಎಂದು ಆಚಾರಿ, ಜಗಲಿಯಲ್ಲಿ ಕಂಬಳಿ ಹೊದ್ದು ಕೂತ ಹೆಂಡತಿಯನ್ನು ತೋರಿಸಿದರು.

ನಾನು ಸೆರಗು ಬಿಗಿದು ಯದ್ವಾತದ್ವಾ ಎಳೆದೆ. ಉಳಿ ಕುಪ್ಪಳಿಸಿತು. "ನಿಲ್ಲಿಸಿ ಮಾರಾಯ್ರೆ! ನನಗೆ ಕಣ್ಣು ಬೇಕು!" ಎಂದು ಆಚಾರಿ ಕೂಗಿದರು.

ದೊಡ್ಡತ್ತೆ ನನ್ನನ್ನು ಬದಿಗೆ ಸರಿಸಿದರು. ಕೊಟ್ಟಿಗೆಯ ತೆರೆದ ಬದಿಗೆ ಬಾಗಿದ್ದ ಪೇರಳೆ ಗೆಲ್ಲನ್ನು ಸ್ವಲ್ಪ ಹೊತ್ತು ನೋಡಿದರು. ಹಗ್ಗದ ಒಂದು ತುದಿ ನನಗೆ ಕೊಟ್ಟು, "ಅಲ್ಲಿಗೆ ಕಟ್ಟು" ಎಂದರು. ಇನ್ನೊಂದು ತುದಿಯನ್ನು ತಾವೇ ಬಲಗೈಯಲ್ಲಿ ಎಳೆದರು, ಸಡಿಲ ಬಿಟ್ಟರು. ಗೆಲ್ಲು ಸಟ್ಟನೆ ಮೇಲೆ ಹೋಗಿ ಹಗ್ಗವನ್ನು ವಾಪಸು ಎಳೆದುಕೊಂಡಿತು. ದಾಸವಾಳದ ಅಹಂಕಾರ ಇಲ್ಲಿ ಪೇರಳೆಯಲ್ಲಿ ಕೆಲಸಕ್ಕೆ ಬಂತು! ಎಳೆದರು, ಬಿಟ್ಟರು, ಹಲಸಿನ ಮರದ ಹಳದಿ ಚಕ್ಕೆ ನಮ್ಮ ತಲೆಯ ಮೇಲೆಲ್ಲ ಹಾರಿತು.

ಕಂಬಳಿಯೊಳಗಿಂದ ಹೆಂಡತಿ ಎದ್ದು ಬಂದಳು. "ಈ ಮರ ಇಲ್ಲೇ ಇತ್ತಲ್ಲ! ಇಷ್ಟು ವರ್ಷ ನನ್ನ ತೋಳು ಕಳಚಿ ಹೋಯ್ತಲ್ಲ!" ಎಂದಳು ಗಂಡನಿಗೆ. ಆಚಾರಿ ತಲೆಯೆತ್ತದೆ ಅಂಚು ಕಡೆದರು. ಆಮೇಲೆ ಅವಳು ಹಗ್ಗ ಎಳೆದದ್ದನ್ನು ನಾನು ನೋಡಲಿಲ್ಲ.

ಮರುದಿನ ದೊಡ್ಡತ್ತೆ ನನ್ನನ್ನು ಅಡುಗೆಮನೆಯಿಂದ ಹೊರಗೆ ಹಾಕಿದರು. ಅಷ್ಟು ಸಂತೋಷದಿಂದ ನಾನು ಬೇರೆಲ್ಲಿಂದಲೂ ಹೊರಬಿದ್ದವಳಲ್ಲ. ಎಂಥ ಹೆಂಗಸು ಅಂತೀರಿ!

ನಿನ್ನೆ ಸೊಸೆ ಹಾಗೆಂದದ್ದೇ ತಡ, ಹೋಗಿ ಅಕ್ಕಿಡಬ್ಬಿಯ ಮುಚ್ಚಳ ತೆಗೆದೆ. ಹೌದು, ಆ ಮುಚ್ಚಳವೇ ದೊಡ್ಡತ್ತೆಯ ಮಣೆ. ಮೊಳೆ ಕೆಳಗಾಗಿ ಎಷ್ಟೋ ವರ್ಷ ಡಬ್ಬಿಯನ್ನು ಮುಚ್ಚಿಕೊಂಡಿತ್ತು. ಹುಣಸೆಹುಳಿ ಹಾಕಿ ತಿಕ್ಕಿದೆ. ಸೌತೆಕಾಯಿಯನ್ನು ಮೊಳೆಗೆ ಒತ್ತಿ, ಅಂಚಿಗೆ ಒರಗಿಸಿ ಕತ್ತಿ ಇಳಿಸಿದೆ. ಅದು ಕದಲಲಿಲ್ಲ.

"ಅತ್ತೇ, ಕೂತ್ಕೊಳ್ಳಿ ಅಂದೆನಲ್ಲ?" ಎಂದಳು ಸೊಸೆ.

"ಕೂತೆ ಮಾರಾಯ್ತಿ" ಎಂದು ಸ್ಟೂಲನ್ನು ಒಲೆಯ ಹತ್ತಿರವೇ ಎಳೆದುಕೊಂಡೆ. "ನೀನು ಕಾಯಿ ತುರಿ."