ಜನರಲ್ ಸಾಹೇಬರಿಗೆ ವಂದನಾರ್ಪಣೆ

ಎನ್.ಆರ್. ಕಾಲೋನಿಯಲ್ಲಿರುವ ನಮ್ಮ ವಿಚಾರ ವೇದಿಕೆ ನಿವೃತ್ತರ ಸಂಘ. ವಿಚಾರಕ್ಕಿಂತ ಮೊದಲು ಉಪ್ಪಿಟ್ಟಿನ ವಾಸನೆ ಬರುವುದರಿಂದ ಹಾಜರಿಗೇನೂ ಕೊರತೆಯಿಲ್ಲ. ಭಾಷಣ ಎಷ್ಟೇ ಕೆಟ್ಟದಾಗಿರಲಿ, ಭಾಷಣಕಾರರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ತಪ್ಪುವುದಿಲ್ಲ. ಕೊನೆಗೆ ಒಬ್ಬರು ಎದ್ದು ಎಲ್ಲರನ್ನೂ ಹೊಗಳಿ ವಂದನಾರ್ಪಣೆ ಮಾಡಬೇಕು. ಕಳೆದ ತಿಂಗಳು ಆ ಸರದಿ ನನ್ನದಾಗಿತ್ತು.

ಅವತ್ತಿನ ವಿಷಯ ಹತ್ತೊಂಬತ್ತನೇ ಶತಮಾನದ ಒಬ್ಬ ಅಮೆರಿಕನ್ ಜನರಲ್. ಗುಲಾಮರನ್ನು ಇಟ್ಟುಕೊಳ್ಳುವ ಹಕ್ಕಿಗಾಗಿ ದೇಶವನ್ನೇ ಒಡೆಯಲು ಹೊರಟವರ ಪರವಾಗಿ ಕಾದಾಡಿ ಸೋತವನು. ಸೋತವನಿಗೂ ಊರೂರಲ್ಲಿ ಕುದುರೆ ಮೇಲಿನ ಪ್ರತಿಮೆಗಳಾದವು. ಈಚೆಗೆ ಅವುಗಳಲ್ಲಿ ಕೆಲವನ್ನು ಕ್ರೇನ್ ತಂದು ಇಳಿಸಿದರು. ನಮ್ಮ ಉಪನ್ಯಾಸಕರಿಗೆ ಅದೇ ಸಂಕಟ. ಅವರು ನಿವೃತ್ತ ಬ್ಯಾಂಕ್ ಅಧಿಕಾರಿ, ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಪಂಡಿತರಾದವರು.

ಕಿವಿ ಮಂದವಾದ ನಮ್ಮಪ್ಪನನ್ನು ನಾನು ಮುಂದಿನ ಸಾಲಿನಲ್ಲೇ ಕೂರಿಸಿದ್ದೆ. ಅವರು ಚಿಕ್ಕಂದಿನಲ್ಲಿ ಹಳ್ಳಿಯ ಸಾಹುಕಾರನ ಮನೆಯಲ್ಲಿ ಜೀತಕ್ಕಿದ್ದವರು. ಒಮ್ಮೆ ಓಡಿಹೋಗಿ ಸಿಕ್ಕಿಬಿದ್ದರು, ಕೊಟ್ಟಿಗೆಯ ಕಂಬಕ್ಕೆ ಕಟ್ಟಿಸಿಕೊಂಡು ಹೊಡೆಸಿಕೊಂಡರು. ಮತ್ತೊಮ್ಮೆ ಓಡಿ ಬೆಂಗಳೂರು ಸೇರಿದರು. ಅಕ್ಕಿಪೇಟೆಯಲ್ಲಿ ಮೂಟೆ ಹೊತ್ತು, ರಾತ್ರಿಶಾಲೆಯಲ್ಲಿ ಓದಿ, ಸರ್ಕಾರಿ ಕಚೇರಿಯ ಕೆಲಸ ಹಿಡಿದರು. ವೇದಿಕೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಿರಲಿಲ್ಲ.

"ಗುಲಾಮಗಿರಿ ಕೆಟ್ಟದ್ದು ಅಂತ ಸ್ವತಃ ಜನರಲ್ ಸಾಹೇಬ್ರೇ ಬರೆದಿದ್ರು. ತಮ್ಮ ಗುಲಾಮರನ್ನ ಮನೆ ಮಕ್ಕಳ ಹಾಗೆ ನೋಡ್ಕೋತಿದ್ರು. ಊಟಕ್ಕೆ, ಬಟ್ಟೆಗೆ ಏನೂ ಕಮ್ಮಿ ಮಾಡ್ಲಿಲ್ಲ" ಎಂದರು ಉಪನ್ಯಾಸಕರು.

ಕೆಟ್ಟದ್ದೆಂದು ಕಾಗದದಲ್ಲಿ ಬರೆದು, ಅದನ್ನೇ ಉಳಿಸಲು ಕತ್ತಿ ಹಿರಿದ ಮಹಾಶಯ. ನಮ್ಮಲ್ಲೂ ಇಂಥ ಸಜ್ಜನರಿಗೇನು ಬರವೇ? ಸಭೆಯೆಲ್ಲ ತಲೆದೂಗುತ್ತಿತ್ತು.

"ಓಡಿಹೋದವ್ರನ್ನ ಹಿಡ್ಕೊಂಡು ಬಂದಾಗ ನಾಲ್ಕು ಏಟು ಬಿದ್ದಿರ್ಬಹುದು. ಆಗಿನ ಕಾಲದ ಶಿಸ್ತು ಅದು" ಎಂದೂ ಸೇರಿಸಿದರು.

ಅಪ್ಪ ನನ್ನ ಕಡೆ ಬಾಗಿ, "ಇವ್ರು ಯಾರ ವಿಷಯ ಹೇಳ್ತಿದಾರೆ?" ಎಂದು ಕೇಳಿದರು.

"ಅಮೆರಿಕದವ್ರದು ಅಪ್ಪ."

"ನಮ್ ಸಾಹುಕಾರನೂ ಹಿಂಗೇ ಅಂತಿದ್ದ."

ಅಪ್ಪನ ಬೆನ್ನಿನ ಬರೆಯನ್ನು ಉಪನ್ಯಾಸಕರು ಅವರ ಎದುರಿಗೇ ಶಿಸ್ತು ಎಂದು ಕರೆದಿದ್ದರು. ಆ ಮಾತಿಗೆ ನಾನು ಎದ್ದು ವಂದನೆ ಹೇಳಬೇಕಿತ್ತು.

"ಎರಡೇ ನಿಮಿಷ ಸಾಕು, ಉಪ್ಪಿಟ್ಟು ಆರೋಗುತ್ತೆ" ಎಂದರು ಕಾರ್ಯದರ್ಶಿ.

ಪದ್ಧತಿಯಂತೆ ಮೈಕಿನವರಿಗೆ, ಅಡುಗೆಯವರಿಗೆ ವಂದನೆ ಹೇಳಿದೆ. ಆಮೇಲೆ, "ಜನರಲ್ ಮನೆಯಿಂದ ಓಡಿಹೋಗಿ ಸಿಕ್ಕಿಬಿದ್ದು ಏಟು ತಿಂದವ್ರಿಗೆ ವಂದನೆ. ಜೀತದಿಂದ ಎರಡು ಸಲ ಓಡಿದ, ಇಲ್ಲೇ ಮುಂದೆ ಕೂತಿರೋ ನಮ್ಮಪ್ಪನಿಗೆ ವಂದನೆ" ಎಂದು ಹೇಳಿ ಕೂತೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಉಪನ್ಯಾಸಕರು ಶಾಲು ಸರಿಪಡಿಸಿಕೊಂಡು ಅಪ್ಪನ ಬಳಿ ಬಂದರು. ಕಿವಿಯ ಹತ್ತಿರ ಬಾಗಿ, ಬಹಳ ಅಕ್ಕರೆಯಿಂದ, "ಆದ್ರೂ ನಿಮ್ಮನ್ನ ಚೆನ್ನಾಗೇ ನೋಡ್ಕೊಂಡಿರ್ಬೇಕು, ಅಲ್ವಾ ಯಜಮಾನ್ರೇ?" ಎಂದು ಕೇಳಿದರು.

"ಮೊದಲ್ನೇ ಸಲದ ಗಾಯ ಮಾಯೋಕೆ ಮುಂಚೆನೇ ಎರಡ್ನೇ ಸಲ ಓಡ್ದೆ ಸ್ವಾಮಿ" ಎಂದರು ಅಪ್ಪ.