ಎಲ್ಲ ಅಪರಾಧಕ್ಕೂ ಒಂದೇ ಮುಖ

ನಮ್ಮ ಸೋದರಮಾವನದು ಕ್ಷೌರದಂಗಡಿ. ಒಂದೇ ಕುರ್ಚಿ, ಅಂಚು ಕಪ್ಪಾದ ಒಂದು ಕನ್ನಡಿ, ಕತ್ತರಿ ಬಾಚಣಿಗೆ ಇಡಲು ಗೋಡೆಗೆ ಹೊಡೆದ ಹಲಗೆ. ಕೆಲಸ ಚೆನ್ನಾಗಿ ಆಯಿತೋ ಇಲ್ಲವೋ ಎಂಬುದಕ್ಕೆ ಮಾವನ ಹತ್ತಿರ ಒಂದೇ ಅಳತೆ ಇತ್ತು: ಗಿರಾಕಿ ಗೊರಕೆ ಹೊಡೆಯಬೇಕು. ಕತ್ತಿ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಬರುವಷ್ಟರಲ್ಲಿ ಎಂಥವರೂ ಮಲಗಿಬಿಡುತ್ತಿದ್ದರು. ಮನೆಯಲ್ಲಿ ಜಗಳವಾಡಿಕೊಂಡು ಬಂದವರು ಇನ್ನೂ ಬೇಗ ಮಲಗುತ್ತಿದ್ದರು.

"ಸ್ವಲ್ಪ ಬಾಗಿಲು ಮುಂದೆ ಮಾಡ್ಕೋ ಮಾರಾಯ," ಎನ್ನುತ್ತಿದ್ದ ಎದುರಿನ ಚಹಾದಂಗಡಿಯವನು. "ನಿನ್ನ ಗಿರಾಕಿ ಗೊರಕೆ ಕೇಳಿ ನನ್ನ ಗಿರಾಕಿ ಆಕಳಿಸ್ತಾನೆ. ಚಹಾ ಕುಡಿದೂ ನಿದ್ದೆ ಬರುತ್ತೆ ಅಂತ ನನ್ನ ಬೈತಾರೆ."

ಮಾವನ ಕಷ್ಟ ಶುರುವಾದದ್ದು ಇನ್ಸ್‌ಪೆಕ್ಟರ್ ಸಾಹೇಬರ ನಿದ್ದೆಯಿಂದ. ಅವರು ಕುರ್ಚಿಯಲ್ಲಿ ಎಚ್ಚರಗೊಂಡು, ನುಣುಪಾದ ಕೆನ್ನೆ ಸವರಿಕೊಂಡು ಹೇಳಿದರು, "ಕತ್ತಿ ಮುಖಕ್ಕೆ ತಾಗಿದ್ದೇ ಗೊತ್ತಾಗಲಿಲ್ಲ. ಈ ಕೈ ಜೇಬಿಗೆ ಬಂದ್ರೂ ಗೊತ್ತಾಗಲ್ಲ."

ಹೊಗಳಿಕೆ ಎಂದುಕೊಂಡು ಮಾವ ನಕ್ಕರು.

"ನಗಬೇಡಿ, ಕೆಲಸ ಇದೆ. ಮುಂದಿನ ವಾರ ಅಪರಾಧ ಜಾಗೃತಿ ಸಪ್ತಾಹ. ಕಳ್ಳನ ಪಾತ್ರಕ್ಕೆ ಒಬ್ಬರು ಬೇಕು. ನಮ್ಮ ಪೇದೆಗಳು ಮಾಡಿದ್ರೆ ಜನ ನಮಸ್ಕಾರ ಮಾಡ್ತಾರೆ."

ಮಾವನಿಗೆ ಯಾರಿಗೂ ಇಲ್ಲ ಎಂದು ಹೇಳಿ ಗೊತ್ತಿಲ್ಲ. ಒಪ್ಪಿಕೊಂಡರು.

ಮೊದಲು ಪೋಸ್ಟರ್ ಬಂತು. ಅಪರಾಧಗಳಲ್ಲಿ ಎಷ್ಟು ಬಗೆಗಳಿವೆ ಎಂದು ಜನರಿಗೆ ತಿಳಿಯಲಿ ಎಂದು ಎಂಟು ಫೋಟೊ ಹಾಕಿದ್ದರು. ಎಂಟರಲ್ಲೂ ಮಾವನೇ. ಬಸ್ಸಿನಲ್ಲಿ ಜೇಬಿಗೆ ಕೈ ಹಾಕುವ ಮಾವ. ಹೆಲ್ಮೆಟ್ ಹಾಕಿಕೊಂಡು ಸರ ಕೀಳುವ ಮಾವ. ಮೀಟರ್ ನೋಡಲು ಬಂದೆ ಎಂದು ಮನೆಯೊಳಗೆ ನುಗ್ಗುವ ಮಾವ. ಬ್ಯಾಂಕಿನವನೆಂದು ಸುಳ್ಳು ಹೇಳಿ ಫೋನಿನಲ್ಲಿ ಗುಟ್ಟಿನ ನಂಬರ್ ಕೇಳುವ ಮಾವ. ಕಿಟಕಿ ಮುರಿಯುವ ಫೋಟೊದಲ್ಲಿದ್ದದ್ದು ಅವರದೇ ಅಡುಗೆಮನೆಯ ಕಿಟಕಿ. ಮೂಲೆಯಲ್ಲಿ ನಮ್ಮತ್ತೆಯ ಕೈ ಮತ್ತು ಸೌಟು ಕಾಣುತ್ತಿದ್ದವು.

ಅತ್ತೆ ಪೋಸ್ಟರನ್ನು ಬಹಳ ಹೊತ್ತು ನೋಡಿದರು. "ಫೋನಲ್ಲಿ ಮೋಸ ಮಾಡೋನ ಹೆಗಲ ಮೇಲೆ ಟವೆಲ್ ಯಾಕೆ ಇದೆ?"

"ಮರೆತುಹೋಯ್ತು ಕಣೇ. ಅಭ್ಯಾಸ."

ಪೇದೆಯೊಬ್ಬ ಊರಿಗೆಲ್ಲ ಪೋಸ್ಟರ್ ಅಂಟಿಸುತ್ತಾ ಬಂದು, ಒಂದನ್ನು ಕುರ್ಚಿಯಲ್ಲಿ ಕೂತವರಿಗೂ ಕಾಣಲಿ ಎಂದು ಮಾವನ ಅಂಗಡಿಯ ಬಾಗಿಲಿನ ಒಳಬದಿಗೆ ಅಂಟಿಸಿದ. ಕೆಳಗೆ ದಪ್ಪ ಅಕ್ಷರದಲ್ಲಿ ಎಚ್ಚರಿಕೆಗಳಿದ್ದವು. ಕೊನೆಯದು: ಅಪರಿಚಿತರ ಮುಂದೆ ಕಣ್ಣು ಮುಚ್ಚಬೇಡಿ.

ಸಪ್ತಾಹದ ಮೊದಲ ದಿನ ಸಭಾಂಗಣ ತುಂಬಿತ್ತು. ಇನ್ಸ್‌ಪೆಕ್ಟರ್ ಸಾಹೇಬರ ಕೈಗಡಿಯಾರ ಇಡೀ ಊರಿಗೆ ಗೊತ್ತು. ಗಂಟೆಗೊಮ್ಮೆ ಅದು ಮರಿಹಕ್ಕಿಯ ಹಾಗೆ ಕೀಚ್ ಕೀಚ್ ಅನ್ನುತ್ತಿತ್ತು, ಅವರ ಎಲ್ಲ ಭಾಷಣಗಳನ್ನೂ ನಡುವೆ ಕತ್ತರಿಸುತ್ತಿತ್ತು. ಮಾವ ವೇದಿಕೆ ಹತ್ತಿ ಸಾಹೇಬರ ಕೈ ಕುಲುಕಿದರು. ಕೈ ಬಿಟ್ಟಾಗ ಗಡಿಯಾರ ಮಾವನ ಕೈಯಲ್ಲಿತ್ತು. ಜನ ಚಪ್ಪಾಳೆ ತಟ್ಟಿದರು. ಮಾವ ಅದನ್ನು ಎಲ್ಲರಿಗೂ ತೋರಿಸಿ, ಮೇಜಿನ ಮೇಲೆ ನೀರಿನ ಲೋಟದ ಪಕ್ಕ ಇಟ್ಟರು.

"ಇನ್ನು ಮೇಲೆ ಎಲ್ಲರ ಕಣ್ಣೂ ಎಲ್ಲಿರಬೇಕು?" ಎಂದು ಸಾಹೇಬರು ಕೇಳಿದರು.

"ಅವರ ಮೇಲೆ," ಎಂದಿತು ಸಭೆ, ಮಾವನ ಕಡೆ ಬೆರಳು ಮಾಡಿ.

ಸಭೆ ಮುಗಿದಾಗ ಮೇಜಿನ ಮೇಲೆ ಲೋಟವಿತ್ತು, ಗಡಿಯಾರ ಇರಲಿಲ್ಲ. ಮುನ್ನೂರು ಜನ ಮಾವನನ್ನೇ ನೋಡುತ್ತಿದ್ದರು. ಮೇಜನ್ನು ಒಬ್ಬರೂ ನೋಡಿರಲಿಲ್ಲ.

"ನಿಮ್ಮ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ," ಎಂದರು ಸಾಹೇಬರು. ಆಮೇಲೆ ಮಾವನ ಹೆಗಲು ನೋಡಿ, "ಆದ್ರೂ ಟವೆಲ್ ಒಂದ್ಸಲ ಕೊಡವಿ."

ಆಮೇಲೆ ಅಂಗಡಿಗೆ ಬಂದವರು ಯಾರೂ ಮಲಗಲಿಲ್ಲ. ಒಂದು ಕೈಯಲ್ಲಿ ಜೇಬು, ಇನ್ನೊಂದರಲ್ಲಿ ಕತ್ತಿನ ಸರ ಹಿಡಿದುಕೊಂಡು, ಕನ್ನಡಿಯಲ್ಲಿ ಮಾವನನ್ನೇ ದುರುಗುಟ್ಟಿ ನೋಡುತ್ತಿದ್ದರು. ನೊರೆ ಕಣ್ಣಿಗೆ ಹೋದರೂ ರೆಪ್ಪೆ ಬಡಿಯುತ್ತಿರಲಿಲ್ಲ. ಕತ್ತು ಎತ್ತಿ ಎಂದರೆ ಗದ್ದವನ್ನು ಎದೆಗೆ ಒತ್ತಿಕೊಳ್ಳುತ್ತಿದ್ದರು. ಕೆಲವರು ಅರ್ಧ ಗಡ್ಡದಲ್ಲೇ ಎದ್ದು ಹೋದರು. ಕೊನೆಗೆ ಬರುವುದನ್ನೇ ಬಿಟ್ಟರು.

"ನಾನೇನೂ ಮಾಡಿಲ್ಲ ಅಂತ ಎಲ್ಲರಿಗೂ ಗೊತ್ತಲ್ಲ," ಎಂದರು ಮಾವ.

"ಗೊತ್ತು," ಎಂದ ಚಹಾದಂಗಡಿಯವನು. "ಆದ್ರೆ ಎಂಟೂ ಒಬ್ಬನೇ ಮಾಡಿದಾನೆ ಅಂದ್ರೆ ಏನೋ ಒಂದು ಇರಬೇಕು ಅಂತಾರೆ ಜನ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋ ಹಾಗೆ, ನೀನು ಮಾತಿಗೊಂದ್ಸಲ ಹೆಗಲು ಮುಟ್ಕೋತೀಯ."

"ಅದು ಟವೆಲ್ಲಿಗೆ ಕೈ ಒರೆಸೋದು."

"ಅದನ್ನ ನನಗೆ ಹೇಳಬೇಡ, ಜನಕ್ಕೆ ಹೇಳು."

ಕಟ್ಟಡದ ಯಜಮಾನರು ಒಂದು ದಿನ ಬಂದು ಖಾಲಿ ಕುರ್ಚಿ ನೋಡಿದರು. "ಶನಿವಾರದೊಳಗೆ ಈ ಕುರ್ಚೀಲಿ ಮೊದಲಿನ ಹಾಗೆ ಯಾರಾದ್ರೂ ಮಲಗಿದ್ದು ನೋಡಿದ್ರೆ ಅಂಗಡಿ ನಿಮ್ಮದು. ಇಲ್ಲಾಂದ್ರೆ ಬೀಗ ಹಾಕಿ ಮೊಬೈಲ್ ರಿಪೇರಿಯವನಿಗೆ ಕೊಡ್ತೀನಿ. ಬೇಜಾರು ಮಾಡ್ಕೋಬೇಡಿ." ಮಾವ ಇಪ್ಪತ್ತು ವರ್ಷದಿಂದ ಅದೇ ಕುರ್ಚಿಯ ಹಿಂದೆ ನಿಂತವರು. ಬೇರೆ ಕೆಲಸ ಬರುವುದಿಲ್ಲ.

ಶನಿವಾರ ಬೆಳಿಗ್ಗೆ ಒಬ್ಬ ಅಪರಿಚಿತ ಬಂದ. ತುಂಬು ತೋಳಿನ ಅಂಗಿ, ಎರಡೂ ತೋಳಿಗೆ ಗುಂಡಿ ಹಾಕಿದ್ದ. ಬಾಗಿಲಲ್ಲಿ ನಿಂತು ಪೋಸ್ಟರ್ ನೋಡಿದ.

"ಇದೆಲ್ಲ ನೀವೇನಾ ಅಣ್ಣ?"

"ಹೌದು," ಎಂದರು ಮಾವ, ತಲೆ ತಗ್ಗಿಸಿ.

"ಒಬ್ಬರೇ ಇಷ್ಟೊಂದಾ," ಎಂದು ಆತ ಬಹಳ ಗೌರವದಿಂದ ಹೇಳಿ, ಚಪ್ಪಲಿ ಹೊರಗೆ ಬಿಟ್ಟು ಬಂದು ಕೂತ. "ಗಡ್ಡ, ಮೀಸೆ ಎರಡೂ ನೋಡಿ. ಸರಿಯಾಗಿ ನಿದ್ದೆ ಮಾಡಿ ಎಷ್ಟೋ ದಿನ ಆಯ್ತು."

ನೊರೆ ಹಚ್ಚುವಾಗಲೇ ಆತ ಗೊರಕೆ ಹೊಡೆದ. ಆ ಸದ್ದಿಗೆ ಮಾವನ ಕಣ್ಣು ಒದ್ದೆಯಾಯಿತು. ಗಡ್ಡ ಮುಗಿಸಿ, ಮೀಸೆಯ ಎಡಭಾಗ ಮುಗಿಸಿ, ಬಲಭಾಗಕ್ಕೆ ಬರುವಾಗ ಹೊದಿಸಿದ ಬಟ್ಟೆಯ ಅಡಿಯಿಂದ ಕೇಳಿಸಿತು: ಕೀಚ್ ಕೀಚ್.

ಬುತ್ತಿ ತಂದಿದ್ದ ಅತ್ತೆ ಅದೇ ಹೊತ್ತಿಗೆ ಬಾಗಿಲಲ್ಲಿದ್ದರು. ಮಾವ ಬಟ್ಟೆಯ ತುದಿ ಎತ್ತಿದರು. ತೋಳಿನ ಗುಂಡಿಯ ಕೆಳಗೆ ಸಾಹೇಬರ ಗಡಿಯಾರ ಇಣುಕುತ್ತಿತ್ತು.

"ಏನ್ರೀ ನೋಡ್ತಾ ನಿಂತಿದೀರ, ಸ್ಟೇಷನ್ನಿಗೆ ಓಡಿ."

"ಮೆತ್ತಗೆ ಮಾತಾಡು. ಮಲಗಿದಾರೆ."

"ಅವನು ಕಳ್ಳ ಕಣ್ರೀ."

"ಇರಬಹುದು. ಆದ್ರೂ ಮಲಗಿದಾರಲ್ಲ. ಯಜಮಾನರು ಬಂದು ನೋಡೋ ತನಕ ಮಲಗಿರಲಿ."

ಆದರೆ ಎಚ್ಚರವಾದರೆ ಆತ ಗಡಿಯಾರ ಸಮೇತ ಹೊರಟುಹೋಗುತ್ತಾನೆ. ಮಾವ ಯೋಚಿಸಿ, ವೇದಿಕೆಯ ಮೇಲೆ ಮಾಡಿದ್ದನ್ನೇ ಮತ್ತೊಮ್ಮೆ ಮಾಡಿದರು. ಗುಂಡಿ ಬಿಚ್ಚಿ, ಎರಡು ಬೆರಳಿನಲ್ಲಿ ಪಟ್ಟಿ ಸಡಿಲಿಸಿ, ಗಡಿಯಾರವನ್ನು ಮೆಲ್ಲಗೆ ಕಳಚಿದರು. ಗೊರಕೆ ನಿಲ್ಲಲಿಲ್ಲ.

ಎದುರಿನಿಂದ ಚಹಾದಂಗಡಿಯವನು ನೋಡಿದ. ಮಲಗಿದ ಗಿರಾಕಿಯ ಕೈಯಿಂದ ಮಾವ ಗಡಿಯಾರ ಬಿಚ್ಚುವುದು ಅವನಿಗೆ ಸ್ಪಷ್ಟವಾಗಿ ಕಂಡಿತು. ಕೂಗಿದ.

ಜಾಗೃತಿ ಎಂದರೆ ಅದು. ಪೋಸ್ಟರಿನಲ್ಲಿ ಹೇಳಿದ್ದನ್ನು ಜನ ಚಾಚೂ ತಪ್ಪದೆ ಮಾಡಿದರು. ಇಬ್ಬರು ಮಾವನ ಕೈ ಹಿಡಿದರು, ಒಬ್ಬ ಸ್ಟೇಷನ್ನಿಗೆ ಫೋನ್ ಮಾಡಿದ, ಒಬ್ಬ ಫೋಟೊ ತೆಗೆದ, ಒಬ್ಬಳು ಅಪರಿಚಿತನನ್ನು ಎಬ್ಬಿಸಿ ನೀರು ಕುಡಿಸಿ ಬೆನ್ನು ಸವರಿದಳು. ಯಜಮಾನರೂ ಬೀಗ ಹಿಡಿದುಕೊಂಡೇ ಬಂದರು.

ಇನ್ಸ್‌ಪೆಕ್ಟರ್ ಸಾಹೇಬರು ಬಂದು ಗಡಿಯಾರ ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿದರು. ಅರ್ಧ ಮೀಸೆಯವನನ್ನು ಕೇಳಿದರು, "ಇದು ನಿಮ್ಮದಾ?"

"ಹೌದು ಅನ್ನಿ, ಹೆದರಬೇಡಿ, ನಾವಿದೀವಿ," ಎಂದರು ಜನ.

ಆತ ಗಡಿಯಾರ ನೋಡಿದ, ಸಾಹೇಬರನ್ನು ನೋಡಿದ. "ನಂದಲ್ಲ ಸಾರ್."

"ಪಾಪ, ಎಷ್ಟು ಹೆದರಿದಾನೆ ನೋಡಿ."

"ಇದು ನಂದು," ಎಂದರು ಸಾಹೇಬರು.

"ಅಂದ್ರೆ," ಎಂದ ಚಹಾದಂಗಡಿಯವನು, "ನಿಮ್ಮ ವಾಚನ್ನ ಇವನು ಅವನ ಕೈಯಿಂದ..."

"ಅವನ ಕೈಗೆ ಹೇಗೆ ಹೋಯ್ತು ಅಂತ ಒಬ್ಬರಾದ್ರೂ ಕೇಳ್ರಪ್ಪ," ಎಂದರು ಅತ್ತೆ.

ಮಾವನನ್ನು ಹಿಡಿದ ಕೈಗಳು ಒಂದೊಂದಾಗಿ ಸಡಿಲವಾದವು. ಅಪರಿಚಿತನ ಬೆನ್ನು ಸವರುತ್ತಿದ್ದ ಹೆಂಗಸು ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು.

"ಸಾರ್, ಸ್ಟೇಷನ್ನಿಗೆ ಬರ್ತೀನಿ," ಎಂದ ಆತ. "ಆದ್ರೆ ಈ ಮೀಸೇಲಿ ಬೇಡ. ಅಣ್ಣ ಮುಗಿಸಲಿ."

ಸಾಹೇಬರು ತಲೆಯಾಡಿಸಿದರು. ಎರಡೂ ಕಡೆ ಪೇದೆಗಳು ನಿಂತಿರುವಾಗ ಆತ ಮತ್ತೆ ಕೂತು ಕಣ್ಣು ಮುಚ್ಚಿದ, ಮತ್ತೆ ಗೊರಕೆ ಹೊಡೆದ. ಮಾವ ಬಲಭಾಗವನ್ನು ಎಡಭಾಗಕ್ಕೆ ಸಮ ಮಾಡಿದರು.

"ಮಲಗಿದ್ದು ನೋಡಿದ್ರಲ್ಲ," ಎಂದು ಅತ್ತೆ ಯಜಮಾನರಿಗೆ ಹೇಳಿದರು.

"ಕಳ್ಳ ಮಲಗಿದ್ದು ಲೆಕ್ಕಕ್ಕಿಲ್ಲಮ್ಮ. ಮರ್ಯಾದಸ್ಥರು ಮಲಗಬೇಕು."

ಆತನನ್ನು ಕರೆದುಕೊಂಡು ಹೋದ ಮೇಲೆ ಬೀದಿಯ ಜನ ಇನ್ಸ್‌ಪೆಕ್ಟರ್ ಸಾಹೇಬರ ಮುಖ ನೋಡಿದರು. ಸಾಹೇಬರು ತಮ್ಮ ಗಡ್ಡ ಮುಟ್ಟಿ ನೋಡಿಕೊಂಡರು. ಕುರ್ಚಿಯಲ್ಲಿ ಕೂತು, ಗಡಿಯಾರದ ಮೇಲೆ ಅಂಗೈ ಮುಚ್ಚಿ, ಒಂದು ಕಣ್ಣು ಮುಚ್ಚಿದರು. ಇನ್ನೊಂದು ಕಣ್ಣು ಕನ್ನಡಿಯೊಳಗಿಂದ ಬಾಗಿಲಿನ ಪೋಸ್ಟರನ್ನೇ ನೋಡುತ್ತಿತ್ತು.

ಮಾವ ಹೋಗಿ ಬಾಗಿಲನ್ನು ಪೂರ್ತಿ ತೆರೆದರು. ಎಂಟು ಮಾವಂದಿರೂ ಗೋಡೆಗೆ ಮುಖ ಮಾಡಿಕೊಂಡರು. ಮಾವ ವಾಪಸ್ ಬಂದು ಸಾಹೇಬರಿಗೆ ನೊರೆ ಹಚ್ಚಿದರು. ಕತ್ತಿ ಇನ್ನೊಂದು ಕೆನ್ನೆಗೆ ಬರುವಷ್ಟರಲ್ಲಿ ಅಂಗೈ ಗಡಿಯಾರದಿಂದ ಜಾರಿ ತೊಡೆಯ ಮೇಲೆ ಬಿತ್ತು.

ಮೊದಲ ಗೊರಕೆಗೆ, ಬೀಗ ಹಿಡಿದು ನಿಂತಿದ್ದ ಯಜಮಾನರು ಬಾಯಿಗೆ ಕೈ ಅಡ್ಡ ಹಿಡಿದು ಆಕಳಿಸಿದರು.